ಹಿತ್ತಲಲ್ಲಿ ಇಟ್ಟಿಗೆ ಓವನ್: ಕಟ್ಟಿಸುವ ಮುಂಚೆ ಪಾಯದಿಂದ ಚಿಮಣಿವರೆಗೆ ಏನೇನು ನೋಡಬೇಕು?

ತೋಟದಲ್ಲಿ ಹೋಂಸ್ಟೇ ನಡೆಸುವವರು, ರಾಗಿ ಬಿಸ್ಕೆಟ್, ಬನ್ನು ಮಾಡಿ ಮಾರುವವರು ಈಗ ಸೌದೆ ಓವನ್ ಬಗ್ಗೆ ಕೇಳುತ್ತಿದ್ದಾರೆ. ಸವರಿದ ಕೊಂಬೆ, ತೆಂಗಿನ ಚಿಪ್ಪು ಹೇಗೂ ತೋಟದಲ್ಲೇ ಇರುತ್ತೆ. ವಿಡಿಯೋ ನೋಡಿದರೆ ಎರಡೇ ದಿನದಲ್ಲಿ ಓವನ್ ರೆಡಿ! ಆದರೆ ಅದೇ ಓವನ್ ಒಂದು ಮಳೆಗಾಲ ಕಳೆದ ಮೇಲೆ ಹೇಗಿದೆ ಅಂತ ಯಾರೂ ತೋರಿಸಲ್ಲ.

ಇದು ದೊಡ್ಡ ಒಲೆ ಅಷ್ಟೇ ಅಂದುಕೊಳ್ಳಬೇಡಿ. ಒಂದು ಟನ್ನಿಗೂ ಹೆಚ್ಚು ತೂಕದ ಕಟ್ಟಡ ಇದು. ಉರಿ ಜೋರಾದಾಗ ಒಳಗೆ 400 ಡಿಗ್ರಿ ಸೆಲ್ಸಿಯಸ್ ದಾಟುತ್ತೆ, ಹೊರಗೆ 30 ಇರುತ್ತೆ. ಪ್ರತಿ ಸಲ ಒಳಗಿನ ಇಟ್ಟಿಗೆ ಹಿಗ್ಗಿ ಮತ್ತೆ ಕುಗ್ಗುತ್ತೆ. ಹಾಗಾಗಿ ಮೂರು ಮಾತು ನೆನಪಿಡಿ: ತಳ ಅಲುಗಾಡಬಾರದು, ಗುಮ್ಮಟಕ್ಕೆ ಹಿಗ್ಗಲು ಜಾಗ ಇರಬೇಕು, ನೀರು ಎಲ್ಲೂ ಸೇರಬಾರದು.

ಪಾಯ

ಮೊದಲು ನಿಮ್ಮ ಮಣ್ಣು ನೋಡಿ. ಕೆಂಪು ಮಣ್ಣಾದರೆ ಗಟ್ಟಿ ನೆಲ ಸಿಗುವವರೆಗೆ, ಸಾಮಾನ್ಯವಾಗಿ ಒಂದೂವರೆ ಅಡಿ ಅಗೆದರೆ ಸಾಕು. ಎರೆ ಮಣ್ಣಾದರೆ ಹುಷಾರು. ಅದು ಮಳೆಯಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿಯುತ್ತೆ. ಮೇಲಿನ ಓವನ್ ಎರಡು ಹೋಳಾಗಬಹುದು. ಅಂಥ ಕಡೆ ಇನ್ನೂ ಆಳಕ್ಕೆ ಅಗೆದು, ಎರೆ ಮಣ್ಣು ಪೂರ್ತಿ ತೆಗೆದು, ಗರಸು ತುಂಬಿ, ಪದರ ಪದರವಾಗಿ ನೀರು ಹಾಕಿ ದಿಮ್ಮಿಸಿ. ಇದರ ಮೇಲೆ 4 ಇಂಚು ಕಾಂಕ್ರೀಟ್, ನಡುವೆ 8 ಎಂಎಂ ಕಂಬಿ ಜಾಲರಿ. ನೆಲಮಟ್ಟಕ್ಕಿಂತ ಸ್ವಲ್ಪ ಎತ್ತರಿಸಿ, ನೀರು ಆಚೆ ಹರಿಯುವಂತೆ ಇಳಿಜಾರು ಕೊಡಿ.

ಇದರ ಮೇಲಿನ ಕಟ್ಟೆ ಸೊಂಟದ ಎತ್ತರ, ಅಂದ್ರೆ 3 ಅಡಿ ಇರಲಿ. ಸೈಜುಗಲ್ಲು, ಸಿಮೆಂಟ್ ಬ್ಲಾಕು, ಕರಾವಳಿ ಕಡೆ ಕೆಂಪುಕಲ್ಲು, ಯಾವುದಾದರೂ ಸರಿ. ಸಿಮೆಂಟ್ ಗಾರೆಯನ್ನು ಇಲ್ಲಿ ಧಾರಾಳವಾಗಿ ಬಳಸಿ, ಇಲ್ಲಿಗೆ ಬೆಂಕಿ ತಾಗಲ್ಲ.

ಓವನ್ನಿನ ನೆಲ

ಕಟ್ಟೆಯ ಮೇಲೆ ನೇರವಾಗಿ ಇಟ್ಟಿಗೆ ಹಾಸಿದರೆ ಅರ್ಧ ಶಾಖ ಕೆಳಗಿನ ಕಾಂಕ್ರೀಟ್ ಕುಡಿಯುತ್ತೆ, ಕಾಂಕ್ರೀಟೂ ಹಾಳಾಗುತ್ತೆ. ನಡುವೆ 4 ಇಂಚು ಶಾಖ ತಡೆಯುವ ಪದರ ಬೇಕೇ ಬೇಕು. ನರ್ಸರಿ ಟ್ರೇಗೆ ಹಾಕುವ ವರ್ಮಿಕ್ಯುಲೈಟ್ ಅಥವಾ ಪರ್ಲೈಟ್ ಇದಕ್ಕೆ ಚೆನ್ನಾಗಿ ಆಗುತ್ತೆ. 5 ಪಾಲಿಗೆ 1 ಪಾಲು ಸಿಮೆಂಟ್, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟೇ ನೀರು.

ಅದರ ಮೇಲೆ ತೆಳುವಾಗಿ ಮರಳು ಹರಡಿ ಫೈರ್ ಬ್ರಿಕ್ ಜೋಡಿಸಿ. 9 × 4.5 × 3 ಇಂಚಿನವು 45 ಸಾಕು. ಗಾರೆ ಬೇಡ, ಒಂದಕ್ಕೊಂದು ತಾಗಿಸಿ ಇಟ್ಟರೆ ಆಯ್ತು. ಮುಂದೆ ಒಂದು ಒಡೆದರೂ ಅದನ್ನಷ್ಟೇ ತೆಗೆದು ಬದಲಿಸಬಹುದು.

ಮನೆಯಲ್ಲಿ ಉಳಿದ ಗ್ರಾನೈಟ್, ಕಡಪ ಕಲ್ಲು, ಹೊಳೆ ಕಲ್ಲು ಒಳಗೆ ಹಾಕಲೇಬೇಡಿ. ಬಿಸಿಗೆ ಇವು ಸಿಡಿಯುತ್ತವೆ, ಚೂರು ಕಣ್ಣಿಗೆ ಬಡಿದರೆ ಕಷ್ಟ.

ಗುಮ್ಮಟ ಮತ್ತು ಬಾಯಿ

ಒಳಗಿನ ಅಗಲ 36 ಇಂಚಾದರೆ ಎತ್ತರ 18 ಇಂಚು. ಬಾಯಿಯ ಎತ್ತರ ಗುಮ್ಮಟದ ಎತ್ತರದ ಶೇ. 63ರ ಆಸುಪಾಸು, ಅಂದ್ರೆ 11 ಇಂಚು ಚಿಲ್ಲರೆ. ಇದಕ್ಕಿಂತ ಎತ್ತರವಾದರೆ ಶಾಖ ಆಚೆ ಹೋಗುತ್ತೆ, ತಗ್ಗಾದರೆ ಬೆಂಕಿಗೆ ಗಾಳಿ ಸಾಲದೆ ಹೊಗೆಯಾಡುತ್ತೆ.

ಒದ್ದೆ ಮರಳನ್ನು ಗುಮ್ಮಟದ ಆಕಾರಕ್ಕೆ ಪೇರಿಸಿ, ಮೇಲೆ ಒದ್ದೆ ಪೇಪರ್ ಹೊದಿಸಿ, ಅದರ ಸುತ್ತ ಅರ್ಧ ಇಟ್ಟಿಗೆ ಕಟ್ಟುತ್ತಾ ಹೋಗಿ. ಸುಮಾರು 100 ಇಟ್ಟಿಗೆ ಬೇಕಾಗುತ್ತೆ. ಚೆನ್ನಾಗಿ ಬೆಂದ, ತಟ್ಟಿದರೆ ಠಣ್ ಅನ್ನುವ ಇಟ್ಟಿಗೆಯೇ ಆಗಬೇಕು. ಗುಮ್ಮಟ ಗಟ್ಟಿಯಾದ ಮೇಲೆ ಬಾಯಿಯಿಂದ ಮರಳು ಕೆದರಿ ತೆಗೆಯಬಹುದು.

ಇಲ್ಲಿ ಮಾತ್ರ ಸಿಮೆಂಟ್ ಗಾರೆ ಬೇಡ. ಆ ಶಾಖಕ್ಕೆ ಸಿಮೆಂಟ್ ಬಲ ಕಳೆದುಕೊಂಡು ಪುಡಿಯಾಗುತ್ತೆ. 1 ಪಾಲು ಜೇಡಿಮಣ್ಣು, 3 ಪಾಲು ಜರಡಿ ಹಿಡಿದ ಮರಳು ಕಲಸಿ. ಮೊದಲು ಒಂದು ಬಿಲ್ಲೆ ಮಾಡಿ ಒಣಗಿಸಿ ನೋಡಿ: ಬಿರುಕು ಬಿಟ್ಟರೆ ಮರಳು ಹೆಚ್ಚಿಸಿ, ಉದುರಿದರೆ ಮಣ್ಣು ಹೆಚ್ಚಿಸಿ. ಗಾರೆ ಎಷ್ಟು ತೆಳುವೋ ಅಷ್ಟು ಒಳ್ಳೆಯದು.

ಗುಮ್ಮಟದ ಭಾರ ಕೆಳಕ್ಕೆ ಮಾತ್ರ ಬೀಳಲ್ಲ, ಪಕ್ಕಕ್ಕೂ ತಳ್ಳುತ್ತೆ. ಹೆಚ್ಚು ತಳ್ಳುವುದು ಬುಡದ ಸಾಲು ಮತ್ತು ಬಾಯಿಯ ಕಮಾನು. ಕಮಾನು ಚಪ್ಪಟೆಯಾದಷ್ಟೂ ತಳ್ಳುವುದು ಜಾಸ್ತಿ. ಅದಕ್ಕೇ ಕಮಾನಿನ ಎರಡೂ ಬದಿಗೆ 9 ಇಂಚು ದಪ್ಪದ ಆಸರೆ ಕಟ್ಟಿಸಿ. ಚಂದಕ್ಕೆ ಹೊರಗೋಡೆ ಬೇಕಿದ್ದರೆ ಅದನ್ನು ಗುಮ್ಮಟಕ್ಕೆ ಅಂಟಿಸಬೇಡಿ. ನಡುವೆ 4 ಇಂಚು ಬಿಟ್ಟು ವರ್ಮಿಕ್ಯುಲೈಟ್ ಅಥವಾ ರೈಸ್ ಮಿಲ್ಲಿನಲ್ಲಿ ಸಿಗುವ ಹೊಟ್ಟಿನ ಬೂದಿ ತುಂಬಿ. ಗುಮ್ಮಟ ಹಿಗ್ಗಲು ಜಾಗವೂ ಆಯ್ತು, ಶಾಖವೂ ಉಳಿಯಿತು.

ಚಿಮಣಿ, ಜಾಗ, ಮಾಡು

ಚಿಮಣಿ ಗುಮ್ಮಟದ ನೆತ್ತಿಯಲ್ಲಿ ಬೇಡ, ಶಾಖವೆಲ್ಲಾ ಅಲ್ಲೇ ಹೋಗುತ್ತೆ. ಬಾಯಿಯ ಮುಂದೆ, ಹೊರಭಾಗದಲ್ಲಿ 6ರಿಂದ 8 ಇಂಚಿನ ಕೊಳವೆ ಇರಲಿ. ಓವನ್ನಿನ ಬಾಯಿ ಮುಂಗಾರು ಗಾಳಿ ಬರುವ ನೈರುತ್ಯಕ್ಕೆ ತಿರುಗಿರಬಾರದು. ಮೇಲೆ ತಗಡಿನ ಶೀಟು ಇರಲಿ, ಗರಿ-ಹುಲ್ಲಿನ ಮಾಡು ಬೇಡ. ಬಣವೆ, ಕೊಟ್ಟಿಗೆಯಿಂದ ದೂರ ಕಟ್ಟಿ. ನಾಲ್ಕೂ ಕಡೆ ಮುಚ್ಚಿದ ಕೋಣೆಯಲ್ಲಿ ಕಟ್ಟಲೇಬೇಡಿ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಆದರೆ ಜೀವ ತೆಗೆಯುತ್ತೆ.

ಒಣಗಿಸುವ ತಾಳ್ಮೆ

ಕಟ್ಟಿದ ಮರುದಿನವೇ ಪಿಜ್ಜಾ ಸುಡುವ ಆತುರ ಬೇಡ. ಗಾರೆಯೊಳಗಿನ ನೀರು ಹಬೆಯಾದರೆ ಸುಮಾರು 1,700 ಪಟ್ಟು ಜಾಗ ಕೇಳುತ್ತೆ, ದಾರಿ ಸಿಗದಿದ್ದರೆ ಇಟ್ಟಿಗೆ ಒಡೆದು ಬರುತ್ತೆ. 2-3 ವಾರ ನೆರಳಲ್ಲಿ ಒಣಗಲಿ. ಆಮೇಲೆ ಒಂದು ವಾರ ದಿನಾ ಬೆಂಕಿ ಹಾಕಿ: ಮೊದಲ ದಿನ ಬರೀ ಪುಳ್ಳೆ, ಹೊರಗೆ ಕೈಯಿಟ್ಟರೆ ಬೆಚ್ಚಗಿದ್ದರೆ ಸಾಕು. ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ.

ಕೂದಲೆಳೆಯಂಥ ಬಿರುಕು ಬಂದರೆ ಗಾಬರಿ ಬೇಡ, ಅದು ಸಹಜ; ಅದೇ ಮಣ್ಣು ತುಂಬಿ. ಆದರೆ ಇಟ್ಟಿಗೆ ಜಾರಿದ್ದರೆ, ಕಮಾನು ಬಾಗಿದ್ದರೆ, ಬಿರುಕು ದಿನೇ ದಿನೇ ಅಗಲವಾಗುತ್ತಿದ್ದರೆ ಬೆಂಕಿ ನಿಲ್ಲಿಸಿ ಮೇಸ್ತ್ರಿಯನ್ನು ಕರೆಸಿ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಕೆಲಸಕ್ಕೆ ಡಿಸೆಂಬರ್-ಜನವರಿ ಒಳ್ಳೆ ಸಮಯ. ಫೆಬ್ರವರಿ ಹೊತ್ತಿಗೆ ಓವನ್ ಪೂರ್ತಿ ಒಣಗಿರುತ್ತೆ, ಮುಂಗಾರಿಗೆ ಮುಂಚೆ ಮಾಡು ಹಾಕಿ ಮುಗಿಸಬಹುದು.