ಪ್ರತಿಧ್ವನಿ ಪೆಟ್ಟಿಗೆಗೆ ದುಂಬಿ ಹೊಕ್ಕಾಗ

ಜಪಾನಿನ ರೋಲ್ಯಾಂಡ್ ಕಂಪನಿ 1974ರಲ್ಲಿ ಹೊರತಂದ ಆರ್‌ಇ-201 ‘ಸ್ಪೇಸ್ ಎಕೋ’ಗೆ ಗಿಟಾರ್ ನುಡಿಸುವವರಲ್ಲಿ ಇಂದಿಗೂ ಬೇಡಿಕೆಯಿದೆ. ಒಳಗೆ ಸುತ್ತುತ್ತಲೇ ಇರುವ ಟೇಪಿನ ಕುಣಿಕೆ, ದನಿ ಮುದ್ರಿಸುವ ಒಂದು ಹೆಡ್, ಅದನ್ನು ಓದುವ ಮೂರು ಹೆಡ್. ಮುದ್ರಣವಾದದ್ದು ಓದುವ ಹೆಡ್ಡನ್ನು ತಲಪುವಷ್ಟರಲ್ಲಿ ಆಗುವ ತಡವೇ ಪ್ರತಿಧ್ವನಿ. ಹಳೆಯ ಪೆಟ್ಟಿಗೆಗಳಿಗೆ ಸಾಮಾನ್ಯವಾಗಿ ಅಂಟುವ ಕಾಯಿಲೆಯೊಂದಿದೆ: ಯಾರೂ ನುಡಿಸದಿದ್ದರೂ ದುಂಬಿ ಹೊಕ್ಕಂತೆ ಗುಂಯ್ ಎನ್ನುವುದು.

ಮುಚ್ಚಳ ಬಿಚ್ಚಿ ಕಂಡ ಕೆಪಾಸಿಟರನ್ನೆಲ್ಲ ಬದಲಿಸಲು ಹೊರಡುವವರೇ ಹೆಚ್ಚು. ಮುಂಭಾಗದ ನಾಬ್‌ಗಳು ಅದಕ್ಕಿಂತ ಬೇಗ ಸುಳಿವು ಕೊಡುತ್ತವೆ. ಇನ್‌ಪುಟ್ ನಾಬನ್ನು ಸೊನ್ನೆಗಿಳಿಸಿದಾಗ ಸದ್ದು ನಿಂತರೆ ಯಂತ್ರ ನಿರಪರಾಧಿ. ಗಿಟಾರನ್ನೋ ಕೇಬಲನ್ನೋ ನೋಡಿ. ಎಕೋ ನಾಬ್ ಇಳಿಸಿದಾಗ ನಿಂತರೆ ಓದುವ ಹೆಡ್ ಅಥವಾ ಅದರ ಆಂಪ್ಲಿಫೈಯರ್ ಕಡೆಯದು. ಹೆಡ್ ಬದಲಿಸಿದಂತೆ ಸದ್ದು ಹೆಚ್ಚುಕಡಿಮೆಯಾದರೆ ಆಯಾ ಹೆಡ್ಡಿನ ತಂತಿ, ಅದರ ಮೇಲಿನ ಲೋಹದ ಕವಚ ಪರೀಕ್ಷಿಸಬೇಕು. ರಿವರ್ಬ್ ನಾಬಿಗೆ ಮಾತ್ರ ಬಗ್ಗಿದರೆ ಅಪರಾಧಿ ಸ್ಪ್ರಿಂಗ್ ಭಾಗ. ಯಾವುದಕ್ಕೂ ಜಗ್ಗದಿದ್ದರೆ ಪವರ್ ಸಪ್ಲೈ ಮೇಲೆ ಅನುಮಾನ ಪಡಬಹುದು.

ಕಿವಿಯೂ ಒಂದು ಮೀಟರೇ. ನಮ್ಮ ಮನೆಗಳ ವಿದ್ಯುತ್ತಿನ ಕಂಪನ 50 ಹರ್ಟ್ಸ್. ದಪ್ಪನೆಯ, ಮೊಂಡು ಗುಂಯ್ ಕೇಳಿದರೆ ಅದು ಬಹುತೇಕ ಅರ್ಥಿಂಗ್ ತೊಡಕು ಅಥವಾ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ. ಅದಕ್ಕಿಂತ ಒಂದು ಸ್ಥಾಯಿ ಮೇಲೆ, 100 ಹರ್ಟ್ಸ್‌ನಲ್ಲಿ, ಸ್ವಲ್ಪ ಕರ್ಕಶವಾಗಿದ್ದರೆ ಪವರ್ ಸಪ್ಲೈನ ಫಿಲ್ಟರ್ ಕೆಪಾಸಿಟರ್ ಒಳಗಿನ ದ್ರವ ಒಣಗಿರಬೇಕು. ಬೆಸುಗೆ ಕಡ್ಡಿ ಕಾಯಿಸಬೇಕಾದದ್ದು ಈಗ. (ಕೀಬೋರ್ಡ್ ಇದ್ದವರು ಹೋಲಿಸಿ ನೋಡಿ: ಈ 100 ಹರ್ಟ್ಸ್ ಜಿ ಮತ್ತು ಜಿ ಶಾರ್ಪ್ ನಡುವೆ, ಯಾವ ಶ್ರುತಿಗೂ ಸೇರದೆ ಕೂತಿರುತ್ತದೆ.)

ಅರ್ಥಿಂಗ್ ವಿಷಯದಲ್ಲಿ ನನ್ನದು ಹಟ. ಎಕೋ ಪೆಟ್ಟಿಗೆಗೂ ಗಿಟಾರ್ ಆಂಪ್ಲಿಫೈಯರಿಗೂ ಬೇರೆ ಬೇರೆ ಕಡೆಯಿಂದ ಅರ್ಥಿಂಗ್ ಬಂದು, ನಡುವಿನ ಕೇಬಲಿನ ಹೊರಜಾಲರಿಯೂ ಅವನ್ನು ಜೋಡಿಸಿದರೆ ಒಂದು ವರ್ತುಲವಾಗುತ್ತದೆ. ಅದರಲ್ಲಿ ಹರಿಯುವ ಸಣ್ಣ ವಿದ್ಯುತ್ತೇ ಗುಂಯ್‌ಗುಡುತ್ತದೆ. ಪ್ಲಗ್ಗಿನ ಮೂರನೇ ಪಿನ್ ಕಿತ್ತರೆ ಸದ್ದು ಹೋಗುತ್ತದೆ, ನಿಜ. ಆದರೆ ಗಿಟಾರಿನ ತಂತಿಗಳು ಆಂಪ್ಲಿಫೈಯರಿನ ಲೋಹದ ಚಾಸಿಸ್‌ಗೆ ಕೂಡಿಕೊಂಡಿರುತ್ತವೆ. ಒಳಗೆ ಎಲ್ಲೋ ನಿರೋಧನ ಕೆಟ್ಟು ಚಾಸಿಸ್‌ಗೆ ಕರೆಂಟ್ ಬಂದ ದಿನ, ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದವನ ಗತಿ? ಎರಡನ್ನೂ ಒಂದೇ ಬೋರ್ಡಿನ ಸಾಕೆಟ್‌ಗಳಿಗೆ ಹಾಕಿ. ಸಾಲದಿದ್ದರೆ ಸಿಗ್ನಲ್ ದಾರಿಯಲ್ಲಿ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಡಿ. ಪಿನ್ ಮುಟ್ಟಬೇಡಿ.

ಜಪಾನಿನ ಒಳಮಾರುಕಟ್ಟೆಗೆಂದೇ ತಯಾರಾದ ಪೆಟ್ಟಿಗೆ 100 ವೋಲ್ಟಿನದು. ನಮ್ಮ 230 ವೋಲ್ಟಿಗೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅದನ್ನು ಪೆಟ್ಟಿಗೆಯ ಪಕ್ಕಕ್ಕೇ ಇಟ್ಟರೆ ಇನ್ನೊಂದು ತಲೆನೋವು. ಕಾಂತತೆ ಓದುವುದೇ ಹೆಡ್ಡಿನ ಕಸುಬು. ಟೇಪಿನದು, ಟ್ರಾನ್ಸ್‌ಫಾರ್ಮರಿನದು ಎಂಬ ಭೇದ ಅದಕ್ಕಿಲ್ಲ. ಪೆಟ್ಟಿಗೆಯನ್ನು ಕಾಲು ಸುತ್ತು ತಿರುಗಿಸಿದಾಗ ಸದ್ದು ಬದಲಾದರೆ ಅನುಮಾನ ನಿಜ. ಒಂದು ಮೀಟರ್ ದೂರ ಸರಿಸಿ.

ಲಂಡನ್ನಿನಲ್ಲಿ 1958ರಲ್ಲಿ ಹುಟ್ಟಿದ ವಾಟ್ಕಿನ್ಸ್ ಕಾಪಿಕ್ಯಾಟ್‌ನಂಥ ವಾಲ್ವ್ ಯಂತ್ರವಾದರೆ ಮುಚ್ಚಳವನ್ನು ಮೆಕ್ಯಾನಿಕ್ಕೇ ತೆರೆಯಲಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು.

ಇಷ್ಟಾದರೂ ಎಕೋ ನಾಬನ್ನು ಪೂರ್ತಿ ಏರಿಸಿದಾಗ ಸಣ್ಣ ಗುಂಯ್ ಉಳಿಯುತ್ತದೆ. ಹೆಡ್ಡೂ ಟ್ರಾನ್ಸ್‌ಫಾರ್ಮರೂ ಒಂದೇ ಸೂರಿನಡಿ ಇರುವಾಗ ಅಷ್ಟು ಇದ್ದದ್ದೇ. ಇನ್‌ಪುಟ್ ಏರಿಸಿ, ಪೀಕ್ ದೀಪ ಆಗೊಮ್ಮೆ ಈಗೊಮ್ಮೆ ಮಿನುಗುವಷ್ಟು ಟೇಪಿಗೆ ಗಟ್ಟಿಯಾಗಿ ಮುದ್ರಿಸಿ, ಎಕೋ ನಾಬನ್ನು ತಗ್ಗಿಸಿಟ್ಟುಕೊಳ್ಳಿ.