ಹಳೇ ಇನ್ವರ್ಟರ್ ಬ್ಯಾಟರಿ ಕೊಳ್ತೀರಾ? ದಮ್ಮು ಎಷ್ಟಿದೆ ಅಂತ ಹೀಗೆ ನೋಡಿ

ಗೋಕಾಕ: ಗೋಕಾಕ, ಮೂಡಲಗಿಯಲ್ಲಿ ಹೆಸ್ಕಾಂ, ಹುಕ್ಕೇರಿ ಭಾಗದಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಕರೆಂಟ್ ಯಾರೇ ಕೊಡಲಿ, ಅದು ಹೋದಾಗ ಮನೆ, ಅಂಗಡಿ ನಡೆಯೋದು ಇನ್ವರ್ಟರ್ ಬ್ಯಾಟರಿ ಮೇಲೆ. ಹೊಸದು ದುಬಾರಿ ಅಂತ ಹಳೇದು ಕೊಳ್ಳುವವರಿಗೆ ಮೀಟರ್ ಹಚ್ಚಿ ‘12.7 ವೋಲ್ಟ್ ಐತ್ರಿ’ ಅಂತ ತೋರಿಸಿದರೆ ಅಷ್ಟಕ್ಕೇ ನಂಬಬೇಡಿ.

ವೋಲ್ಟ್ ಹೇಳುವುದು ಚಾರ್ಜ್ ತುಂಬಿದೆಯೋ ಇಲ್ಲವೋ ಅಂತ ಮಾತ್ರ. ಹೂಳು ತುಂಬಿದ ಕೆರೆ ಅಂಚಿನ ತನಕ ತುಂಬಿ ಕಂಡರೂ ನೀರು ಕಡಿಮೆ ಇರ್ತದಲ್ಲ, ಇದೂ ಹಾಗೆ.

ಪರೀಕ್ಷೆ ಹೇಗೆ?

1. ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ, ಪೂರ್ತಿ ಚಾರ್ಜ್ ಮಾಡಿ. ಇನ್ವರ್ಟರ್‌ನಿಂದ ಬಿಚ್ಚಿ ನಾಲ್ಕೈದು ತಾಸು ಬಿಡಿ.

2. ಟ್ರ್ಯಾಕ್ಟರ್ ಹೆಡ್‌ಲೈಟಿನ 12 ವೋಲ್ಟ್, 90 ವ್ಯಾಟ್ ಬಲ್ಬ್ ಹಚ್ಚಿ, ಟೈಮ್ ಬರೆದಿಟ್ಟುಕೊಳ್ಳಿ. ಇದು ಸುಮಾರು 7.5 ಆಂಪಿಯರ್ ಎಳೆಯುತ್ತದೆ.

3. ಬಲ್ಬ್ ಉರಿಯುತ್ತಿರುವಾಗ ಆಗಾಗ ಮೀಟರ್ ನೋಡಿ. 10.5 ವೋಲ್ಟ್‌ಗೆ ಇಳಿದ ಕೂಡಲೇ ನಿಲ್ಲಿಸಿ. ಇನ್ನೂ ಇಳಿಸಿದರೆ ಬ್ಯಾಟರಿ ಹಾಳಾಗ್ತದೆ.

4. ತಾಸುಗಳನ್ನು 7.5ರಿಂದ ಗುಣಿಸಿ. ‘150 ಎಎಚ್, ಸಿ20’ ಅಂತ ಬರೆದ ಹೊಸ ಬ್ಯಾಟರಿ 20 ತಾಸು ಬರಬೇಕು. 12 ತಾಸಿಗೇ ನಿಂತರೆ ಉಳಿದಿರೋದು 90 ಎಎಚ್, ಅಂದ್ರೆ ಶೇ 60. ಸಾಮಾನ್ಯವಾಗಿ ಶೇ 80ಕ್ಕಿಂತ ಇಳಿದರೆ ಬ್ಯಾಟರಿಗೆ ವಯಸ್ಸಾಯ್ತು ಅಂತಲೇ ಲೆಕ್ಕ.

ಪರೀಕ್ಷೆ ಮುಗಿದ ತಕ್ಷಣ ಚಾರ್ಜಿಗೆ ಹಾಕಿ. ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬರುವುದರಿಂದ ಕಿಟಕಿ ತೆರೆದಿರಲಿ, ಹತ್ತಿರ ಬೀಡಿ, ಬೆಂಕಿ ಬೇಡ.

ಅಂಗಡಿಯಲ್ಲಿ ಇಷ್ಟು ಹೊತ್ತು ಕೂರೋಕಾಗಲ್ಲ. ಅದಕ್ಕೇ, ಮನೆಯಲ್ಲಿ ಪರೀಕ್ಷೆ ಮಾಡಿದ ಮೇಲೆಯೇ ಪೂರ್ತಿ ಹಣ ಅಂತ ಮೊದಲೇ ಮಾತಾಡಿಕೊಳ್ಳಿ.