ವಿಟಮಿನ್ ಸಿ ದ್ರಾವಣ ಬೆಳಕನ್ನು ತಡೆಯಲಿಲ್ಲವೇಕೆ?

ಅಭ್ಯಾಸ ಬೋಧನೆಯಲ್ಲಿ ಹತ್ತನೇ ತರಗತಿಗೆ ಮಾನವನ ಕಣ್ಣಿನ ಪಾಠ ಮಾಡಿದೆ. ಕಾರ್ನಿಯಾ ಮತ್ತು ಮಸೂರದ ನಡುವಿನ ತಿಳಿ ದ್ರವವೇ ಅಕ್ವಿಯಸ್ ಹ್ಯೂಮರ್. ಅದರಲ್ಲಿ ವಿಟಮಿನ್ ಸಿ ರಕ್ತದಲ್ಲಿರುವುದಕ್ಕಿಂತ ಸುಮಾರು 20 ಪಟ್ಟು ಹೆಚ್ಚಿದೆ. ಅದು ನೇರಳಾತೀತ ಕಿರಣವನ್ನು ಹೀರುತ್ತದೆ ಎಂದು ಹೇಳಿ, ಪ್ರಯೋಗಕ್ಕೆ ಅಣಿಯಾದೆ.

ನೋಟು ಪರೀಕ್ಷಿಸುವ ದೀಪವನ್ನು ಟಾನಿಕ್ ವಾಟರ್ ಮೇಲೆ ಬಿಟ್ಟಾಗ, ಅದರಲ್ಲಿರುವ ಕ್ವಿನೈನ್‌ನಿಂದ ನೀಲಿ ಹೊಳಪು ಬಂತು. ನಡುವೆ ವಿಟಮಿನ್ ಸಿ ದ್ರಾವಣದ ಬೀಕರ್ ಇಟ್ಟೆ.

“ಮಿಸ್, ಹೊಳಪು ಹಾಗೇ ಇದೆಯಲ್ಲ?” ಎಂದಳು ಒಬ್ಬ ವಿದ್ಯಾರ್ಥಿನಿ. “ದ್ರಾವಣ ತೆಳುವಾಗಿರಬೇಕು” ಎಂದುಬಿಟ್ಟೆ. ಆ ಉತ್ತರ ತಪ್ಪು.

ನೇರಳಾತೀತ ಎಂಬುದು ಒಂದೇ ಕಿರಣವಲ್ಲ. ನನ್ನ ದೀಪದ ತರಂಗದೂರ ಸುಮಾರು 365 ನ್ಯಾನೊಮೀಟರ್. ಕಣ್ಣಿನ ದ್ರವದಂಥ ತಟಸ್ಥ ದ್ರಾವಣದಲ್ಲಿ ವಿಟಮಿನ್ ಸಿ ಅತಿ ಹೆಚ್ಚು ಹೀರುವುದು 265ರ ಆಸುಪಾಸಿನಲ್ಲಿ. 365ರಲ್ಲಿ ಅದು ಹೆಚ್ಚುಕಡಿಮೆ ನೀರಿನಂತೆಯೇ. ಕಣ್ಣಿನಲ್ಲಿ ಆ ಬೆಳಕನ್ನು ಮುಖ್ಯವಾಗಿ ತಡೆಯುವುದು ಮಸೂರ.

ಪ್ರಯೋಗಾಲಯದ ಉಪಕರಣಗಳು ಹಾಗೇಕಿವೆ ಎಂಬುದು ಇದರಿಂದ ತಿಳಿಯುತ್ತದೆ. ಸ್ಪೆಕ್ಟ್ರೊಫೋಟೋಮೀಟರಿನಲ್ಲಿ ನೇರಳಾತೀತ ಬೆಳಕಿಗೆ ಡ್ಯೂಟೀರಿಯಂ ದೀಪವಿರುತ್ತದೆ. ಮಾನೊಕ್ರೊಮೇಟರ್ ಬೇಕಾದ ತರಂಗದೂರವನ್ನಷ್ಟೇ ಆರಿಸಿ ದ್ರವದೊಳಗೆ ಕಳಿಸುತ್ತದೆ. ಆಚೆ ಬಂದ ಬೆಳಕನ್ನು ಡಿಟೆಕ್ಟರ್ ಅಳೆಯುತ್ತದೆ. ದ್ರವ ತುಂಬುವ ಕ್ಯೂವೆಟ್ ಕ್ವಾರ್ಟ್ಸ್‌ನದೇ ಆಗಬೇಕು. ಸಾಮಾನ್ಯ ಗಾಜು 265ರ ಬೆಳಕನ್ನು ತಾನೇ ಹೀರಿಬಿಡುತ್ತದೆ. ಆಗ ನಾವು ಅಳೆಯುವುದು ದ್ರವವನ್ನಲ್ಲ, ಗಾಜನ್ನು. ಮನುಷ್ಯನ ಕಣ್ಣಿನ ಮುಂದಿನ ಕೋಣೆಯಲ್ಲಿರುವ ದ್ರವ ಸುಮಾರು 0.25 ಮಿಲಿಲೀಟರ್ ಮಾತ್ರ. 3 ಮಿಲಿಲೀಟರ್ ಹಿಡಿಯುವ ಮಾಮೂಲಿ ಕ್ಯೂವೆಟ್‌ಗೆ ಅದು ಸಾಲದು, ಚಿಕ್ಕದೇ ಬೇಕು.

ಕಿರಣದ ಪರಿಣಾಮ ತಿಳಿಯಲು ದ್ರವವನ್ನು ಕಿರಣಕ್ಕೆ ಒಡ್ಡುವ ಮೊದಲೂ ಆಮೇಲೂ ಅಳೆಯಬೇಕು. ಜೊತೆಗೆ ಕಿರಣ ಬೀಳದ ಒಂದು ಮಾದರಿಯನ್ನು ಅಷ್ಟೇ ಹೊತ್ತು ಇಡಬೇಕು. ಏಕೆಂದರೆ ವಿಟಮಿನ್ ಸಿ ಗಾಳಿಗೂ ಕೆಡುತ್ತದೆ. ಹೋಲಿಕೆ ಇಲ್ಲದಿದ್ದರೆ ಗಾಳಿಯ ಕೆಲಸವನ್ನು ಬೆಳಕಿನ ಲೆಕ್ಕಕ್ಕೆ ಬರೆದಂತಾಗುತ್ತದೆ.

ಮರುದಿನ ತರಗತಿಯಲ್ಲಿ ತಪ್ಪು ಒಪ್ಪಿಕೊಂಡು ಅದೇ ಪ್ರಯೋಗ ಮಾಡಿದೆ. ಈ ಸಲ ಬೀಕರ್ ಬದಲು ಪಾಲಿಕಾರ್ಬೊನೇಟ್ ಸುರಕ್ಷಾ ಕನ್ನಡಕ ಹಿಡಿದೆ. ಹೊಳಪು ಬಹುತೇಕ ಆರಿತು. “ಇದು ನಮ್ಮ ಮಸೂರದ ಕೆಲಸ ಮಾಡಿತು, ಅಲ್ವಾ ಮಿಸ್?” ಎಂದಳು ಅದೇ ಹುಡುಗಿ.

ಈ ಪಾಠ ಮಾಡುವ ಸಹಪಾಠಿಗಳಿಗೆ ಒಂದು ಎಚ್ಚರಿಕೆ: 265ಕ್ಕೆ ಹತ್ತಿರವೆಂದು 254 ನ್ಯಾನೊಮೀಟರಿನ ರೋಗಾಣುನಾಶಕ ದೀಪವನ್ನು ತರಗತಿಗೆ ತರಬೇಡಿ. ಅದು ಕಾರ್ನಿಯಾವನ್ನೂ ಚರ್ಮವನ್ನೂ ಸುಡುತ್ತದೆ. ನೋಟಿನ ದೀಪವನ್ನೂ ಮಕ್ಕಳ ಮುಖದತ್ತ ತಿರುಗಿಸಬೇಡಿ.